ಹಂಚದೆ ಉಳಿಸಿದ ಬೆಳ್ಳಿ

ಬೊಕ್ಕಸಕ್ಕೆ ಅನಿರೀಕ್ಷಿತವಾಗಿ ಹಣ ಬಂದಾಗ ಅದನ್ನು ಜನರಿಗೆ ಹಂಚಬೇಕೇ, ದೂರದ ಉದ್ದೇಶಕ್ಕೆ ತೊಡಗಿಸಬೇಕೇ? ಈ ಪ್ರಶ್ನೆಯನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಓದಿದ್ದೆ. ಮುಂದೆ ಸರ್ಕಾರಿ ಕಡತಗಳಲ್ಲೂ ಕಂಡೆ. ಆಗೆಲ್ಲ ನನಗೆ ನೆನಪಾಗುತ್ತಿದ್ದವನು ಅಥೆನ್ಸಿನ ಥೆಮಿಸ್ಟೊಕ್ಲೀಸ್.

ಕ್ರಿ.ಪೂ. 524ರ ಸುಮಾರಿಗೆ ಹುಟ್ಟಿದ ಈತ ಪ್ರಬಲ ಮನೆತನದವನಲ್ಲ. ಮಾತಿನ ಬಲದಿಂದ ಮೇಲೆ ಬಂದವನು. ಕ್ರಿ.ಪೂ. 483ರ ಹೊತ್ತಿಗೆ ಅಥೆನ್ಸಿನ ಅಧೀನದಲ್ಲಿದ್ದ ಲಾರಿಯಂ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿ ದೊರೆಯಿತು. ಒಂದು ಬದಿಗೆ ಅಥೀನಾ ದೇವಿ, ಇನ್ನೊಂದು ಬದಿಗೆ ಗೂಬೆಯಿದ್ದ, ಸುಮಾರು 17 ಗ್ರಾಂ ತೂಗುವ ನಾಲ್ಕು ದ್ರಾಕ್ಮಾ ನಾಣ್ಯಗಳಿಗೆ ಈ ಗಣಿಗಳೇ ಆಧಾರ. (ಅಗೆದವರು ಗುಲಾಮರು, ಅವರ ಪಾಲಿನ ಮಾತು ಯಾರ ಬಾಯಲ್ಲೂ ಬರಲಿಲ್ಲ.) ತಲೆಗೆ 10 ದ್ರಾಕ್ಮಾದಂತೆ ನಾಗರಿಕರಿಗೆ ಹಂಚುವ ಸಲಹೆ ಜನಸಭೆಯ ಮುಂದಿತ್ತು.

ಥೆಮಿಸ್ಟೊಕ್ಲೀಸ್ ಅದಕ್ಕೆ ಅಡ್ಡಬಂದು, ಆ ಹಣದಲ್ಲಿ ಸಮರನೌಕೆಗಳನ್ನು ಕಟ್ಟಿಸಬೇಕೆಂದ. ಅವನ ಮನಸ್ಸಿನಲ್ಲಿದ್ದುದು ಪರ್ಷಿಯಾ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಜನರ ಮುಂದಿಟ್ಟದ್ದು ಮಾತ್ರ ನೆರೆಯ ಈಜಿನಾ ದ್ವೀಪದೊಡನೆ ನಡೆದಿದ್ದ ಕಲಹವನ್ನು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದ ವೃತ್ತಾಂತದಂತೆ, 100 ಮಂದಿ ಸಿರಿವಂತರಿಗೆ ತಲಾ ಒಂದು ಟ್ಯಾಲೆಂಟ್, ಅಂದರೆ 6,000 ದ್ರಾಕ್ಮಾ, ಕೊಡಲಾಯಿತು. ಕೆಲಸ ಮೆಚ್ಚಿಗೆಯಾದರೆ ವೆಚ್ಚ ಸರ್ಕಾರದ್ದು. ಇಲ್ಲವಾದರೆ ಹಣ ವಸೂಲಿ. ಟೆಂಡರು ನಿಯಮಗಳೊಡನೆ ದಶಕಗಳ ಕಾಲ ಹೆಣಗಿದ ನನ್ನಂಥವರಿಗೆ ಅಸೂಯೆ ಹುಟ್ಟಿಸುವ ಕರಾರು! ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸಿಸ್‌ನ ನೌಕಾಬಲ ಮುರಿದುಬಿತ್ತು.

ಸುಮಾರು ಹತ್ತು ವರ್ಷದೊಳಗೆ ಅದೇ ನಾಗರಿಕರು ಮಡಕೆಚೂರುಗಳ ಮೇಲೆ ಹೆಸರು ಗೀಚಿ ಮತ ಹಾಕಿ ಅವನನ್ನು ಗಡೀಪಾರು ಮಾಡಿದರು. ಆಕ್ರೊಪೊಲಿಸ್ ಬೆಟ್ಟದ ಬದಿಯ ಬಾವಿಯೊಂದರಲ್ಲಿ ಅವನ ಹೆಸರಿನ ಸುಮಾರು 190 ಚೂರುಗಳು ಸಿಕ್ಕಿವೆ. ಬರವಣಿಗೆ ಮಾತ್ರ ಕೆಲವೇ ಕೈಗಳದು. ವಿರೋಧಿಗಳ ಸಿದ್ಧತೆ ಅಷ್ಟು ಅಚ್ಚುಕಟ್ಟಾಗಿತ್ತು.

ದೇಶದ್ರೋಹದ ಆರೋಪ ಬೆನ್ನಟ್ಟಿದಾಗ ಅವನು ಆಶ್ರಯ ಪಡೆದದ್ದು ಕ್ಸರ್ಕ್ಸಿಸ್‌ನ ಮಗ ಅರ್ಟಾಕ್ಸರ್ಕ್ಸಿಸ್‌ನಲ್ಲಿ. ಏಷ್ಯಾ ಮೈನರಿನ ಮ್ಯಾಗ್ನೀಷಿಯಾ ನಗರ ಅವನಿಗೆ ಉಂಬಳಿಯಾಗಿ ಬಂತು. ಅದರ ಆದಾಯ ವರ್ಷಕ್ಕೆ 50 ಟ್ಯಾಲೆಂಟ್. ಅಲ್ಲಿ ಅವನು ಅಪೊಲೊ ದೇವರ ಚಿತ್ರದೊಡನೆ ತನ್ನ ಹೆಸರನ್ನೂ ಹೊತ್ತ ಬೆಳ್ಳಿ ನಾಣ್ಯಗಳನ್ನು ಟಂಕಿಸಿದ. ತೂಕದ ಅಳತೆ ಪರ್ಷಿಯದ್ದಲ್ಲ, ತನ್ನನ್ನು ಹೊರಹಾಕಿದ ಅಥೆನ್ಸಿನದೇ. ಉಳಿದಿರುವ ಕೆಲವೇ ನಾಣ್ಯಗಳಲ್ಲಿ ಬೆಳ್ಳಿಯ ತೆಳುಹೊದಿಕೆಯೊಳಗೆ ಕೀಳು ಲೋಹ ತುಂಬಿದಂಥವೂ ಇವೆ. ಗೂಬೆಯ ನಾಣ್ಯದ ಊರಿನವನಿಗೆ ಇದು ಒಪ್ಪುವಂಥದ್ದಲ್ಲವೆಂದೇ ನನ್ನ ಭಾವನೆ.

ಕ್ರಿ.ಪೂ. 459ರ ಸುಮಾರಿಗೆ ಅವನು ಮ್ಯಾಗ್ನೀಷಿಯಾದಲ್ಲೇ ತೀರಿಕೊಂಡ. ಬಳಿಕ ಅಲ್ಲಿ ಅವನ ಮಗ ಆರ್ಕೆಪೊಲಿಸ್‌ನ ನಾಣ್ಯಗಳು ಚಲಾವಣೆಗೆ ಬಂದವು.