ಗಾಂಧೀಜಿಯವರನ್ನು ಕರೆತಂದ ರೈತ



ಚಂಪಾರಣ ಸತ್ಯಾಗ್ರಹದ ಪಾಠ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗಾಂಧೀಜಿಯವರನ್ನು ಅಲ್ಲಿಗೆ ಬಿಡದೆ ಕರೆತಂದವರು ನಮ್ಮ ಹಾಗೇ ಒಬ್ಬ ರೈತರು. ಅವರೇ ರಾಜಕುಮಾರ ಶುಕ್ಲ.

ಶುಕ್ಲರು ಹುಟ್ಟಿದ್ದು 1875ರಲ್ಲಿ, ಬಿಹಾರದ ಚಂಪಾರಣದಲ್ಲಿ. ದೊಡ್ಡ ಓದು ಓದಿದವರಲ್ಲ. ಆಗ ಅಲ್ಲಿ ಬಟ್ಟೆಗೆ ಹಾಕುವ ನೀಲಿ ಬಣ್ಣದ ಗಿಡ ಬೆಳೆಸುವ ಬಿಳಿಯರ ಕೋಠಿಗಳದೇ ದರ್ಬಾರು. ನಮ್ಮಲ್ಲಿ ಗುಂಟೆ ಇದ್ದ ಹಾಗೆ ಅಲ್ಲಿ ಕಠ್ಠಾ. ಪ್ರತಿ 20 ಕಠ್ಠಾಕ್ಕೆ 3 ಕಠ್ಠಾ ನೀಲಿ ಹಾಕಲೇಬೇಕೆಂದು ಕರಾರು. ಇದಕ್ಕೆ ತೀನ್‌ಕಠಿಯಾ ಎಂದು ಹೆಸರು. ಹೊಲ ಆರಿಸುವವರೂ ಕೋಠಿಯವರೇ, ಬೆಲೆ ಕಟ್ಟುವವರೂ ಅವರೇ.

1897ರಲ್ಲಿ ಜರ್ಮನಿಯ ಕಾರ್ಖಾನೆ ಬಣ್ಣ ಪೇಟೆಗೆ ಬಂತು, ನೀಲಿಯ ಬೆಲೆ ಬಿತ್ತು. ಆಮೇಲೆ ಕೋಠಿಯವರು ರೈತರನ್ನು ಕರಾರಿನಿಂದ ಬಿಡಲು ಗೇಣಿ ಏರಿಸಿದರು, ಇಲ್ಲವೇ ತಾವಾನ್ ಎಂದು ಗಂಟು ಹಣ ವಸೂಲು ಮಾಡಿದರು. ಹೀಗೆ ಅವರ ನಷ್ಟವೆಲ್ಲ ರೈತನ ತಲೆಗೆ ಬಂತು.

1916ರ ಡಿಸೆಂಬರಿನಲ್ಲಿ ಶುಕ್ಲರು ಲಖನೌ ಕಾಂಗ್ರೆಸ್ಸಿಗೆ ಹೋಗಿ ಗಾಂಧೀಜಿಯವರನ್ನು ಕಂಡರು. ಗಾಂಧೀಜಿ ಕೂಡಲೇ ಒಪ್ಪಲಿಲ್ಲ. ಶುಕ್ಲರು ಬಿಡಲಿಲ್ಲ. ಕಾನ್ಪುರಕ್ಕೆ ಹೋದರು, ಆಶ್ರಮಕ್ಕೂ ಹೋದರು, ಕಲ್ಕತ್ತೆಯಲ್ಲಿ ಕಾದು ಕುಂತರು. ಕೊನೆಗೂ 1917ರ ಏಪ್ರಿಲ್ 10ರಂದು ಇಬ್ಬರೂ ಪಾಟ್ನಾದಲ್ಲಿ ರೈಲು ಇಳಿದರು.

ಜಿಲ್ಲೆ ಬಿಟ್ಟು ಹೋಗಲು ಸರ್ಕಾರ ಹುಕುಂ ಮಾಡಿತು. ಗಾಂಧೀಜಿ ಒಪ್ಪಲಿಲ್ಲ. ಸಾವಿರಾರು ರೈತರು ಬಂದು ಹೇಳಿಕೆ ಬರೆಸಿದರು. ಆಮೇಲೆ ವಿಚಾರಣಾ ಸಮಿತಿ ಕೂತಿತು. ತಾವಾನ್ ಹಣದಲ್ಲಿ ಶೇಕಡಾ 25 ವಾಪಸು ಕೊಡಿಸಲು ತೀರ್ಮಾನವಾಯಿತು. 1918ರ ಕಾಯಿದೆಯಿಂದ ತೀನ್‌ಕಠಿಯಾ ರದ್ದಾಯಿತು. ಶುಕ್ಲರು 1929ರಲ್ಲಿ ತೀರಿಕೊಂಡರು.

ಈ ಹಳೇ ಕಥೆ ಈಗ್ಯಾಕೆ ಅಂತೀರಾ? ನಾನೂ ಒಂದು ವರ್ಷ ಕಂಪನಿಯೊಂದರ ಕರಾರಿಗೆ ಓದದೇ ರುಜು ಹಾಕಿ ಮಿಡಿಸೌತೆ ಬೆಳೆದೆ. ಬೀಜ, ಗೊಬ್ಬರ, ಔಷಧಿ ಅವರೇ ಕೊಟ್ಟರು. ಕೊಯ್ಲಿನ ಹೊತ್ತಿಗೆ ಎರಡು ದಿನ ಗಾಡಿ ಬರಲಿಲ್ಲ, ಕಾಯಿ ದಪ್ಪವಾಯಿತು. ದಪ್ಪ ಕಾಯಿ ಬೇಡವೆಂದರು. ಬೀಜ ಗೊಬ್ಬರದ ಬಾಬ್ತು ಮಾತ್ರ ಮುರಿದುಕೊಂಡರು. ಬೆಳೆದ ಕಾಯಿ ದನದ ಪಾಲಾಯಿತು.

ಒಪ್ಪಂದದ ಬೇಸಾಯ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಮೊದಲೇ ಬೆಲೆ ಗೊತ್ತಿದ್ದರೆ ರೈತನಿಗೆ ಧೈರ್ಯ. ಆದರೆ ಗಾಡಿ ತಡವಾದರೆ ನಷ್ಟ ಯಾರದು, ಪೇಟೆ ಬಿದ್ದರೆ ಯಾರದು ಎಂಬುದು ಕಾಗದದಲ್ಲಿ ಇರಬೇಕು. ರುಜು ಹಾಕುವ ಮುಂಚೆ ಆ ಕಾಗದವನ್ನು ಸಂಘದ ಕಛೇರಿಗೆ ತನ್ನಿ. ನಾಲ್ಕು ಜನ ಕೂತು ಓದೋಣ, ಒಟ್ಟಾಗಿ ಮಾತಾಡೋಣ. ಶುಕ್ಲರು ಒಬ್ಬರೇ ಊರೂರು ಅಲೆಯಬೇಕಾಯಿತು. ನಮಗೆ ಇಪ್ಪತ್ತೈದು ವರ್ಷದ ಸಂಘ ಇದೆ.

ಜೈ ಸಹಕಾರ.