ಮಿಶ್ರತಳಿ ಹಸುವಿನ ಜ್ವರಕ್ಕೆ ಹೆಸರಾದ ಒಂಟಿಗೈ ಪಶುವೈದ್ಯ

ಹೊಸೂರು, ತಾಳವಾಡಿ, ಮಡಕಶಿರಾ ಕಡೆ ಮಿಶ್ರತಳಿ ಹಸು ಕಟ್ಟಿದವರಿಗೆ ಈ ಅನುಭವ ಹೊಸದೇನಲ್ಲ. ನಿನ್ನೆ ಡೈರಿಗೆ ಹತ್ತು ಲೀಟರ್ ಹಾಲು ಹಾಕಿದ ಹಸು ಇಂದು ಬೆಳಗ್ಗೆ ಮೇವು ಮುಟ್ಟುವುದಿಲ್ಲ. ಮೈ ಕಾದ ಹಂಚಿನಂತಿರುತ್ತದೆ. ಭುಜದ ಮುಂದೆ ಗಡ್ಡೆ ಊದಿರುತ್ತದೆ. ಡಾಕ್ಟರು ಬಂದು ಕಿವಿಯ ರಕ್ತ ತೆಗೆದು ಗಾಜಿನ ಮೇಲೆ ಸವರಿಕೊಂಡು ಹೋಗುತ್ತಾರೆ. ಥೈಲೇರಿಯಾ ಎಂದು ವರದಿ ಬರುತ್ತದೆ. ಉಣ್ಣೆ ಹುಳು, ಅಂದರೆ ಉಣುಗು ಕಚ್ಚಿ ಬರುವ ಜ್ವರ.

ಈ ಥೈಲೇರಿಯಾ ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆತ ಸರ್ ಆರ್ನಾಲ್ಡ್ ಥೈಲರ್. ಹುಟ್ಟಿದ್ದು ಸ್ವಿಟ್ಜರ್ಲೆಂಡ್, ಬದುಕು ಸವೆಸಿದ್ದು ದಕ್ಷಿಣ ಆಫ್ರಿಕಾ. ದನಕರುಗಳ ರೋಗದ ವಿಷಯದಲ್ಲಿ ಒಂದರ ಹಿಂದೆ ಒಂದರಂತೆ ಬಂದ ಮೂರು ಸರ್ಕಾರಗಳಿಗೆ ಸಲಹೆಗಾರರಾಗಿದ್ದವರು.

1867ರ ಮಾರ್ಚ್ 26ರಂದು ಫ್ರಿಕ್ ಎಂಬ ಊರಿನಲ್ಲಿ ಥೈಲರ್ ಜನಿಸಿದರು. ತಂದೆ ಶಾಲಾ ಮಾಸ್ತರರು. ಬರ್ನ್ ಮತ್ತು ಜ್ಯೂರಿಕ್‌ನಲ್ಲಿ ಓದಿ 1889ರಲ್ಲಿ ಪಶುವೈದ್ಯರಾದರು. ಊರಿನಲ್ಲಿ ಕೆಲಸ ಹತ್ತಲಿಲ್ಲ. 1891ರಲ್ಲಿ ಹಡಗು ಹತ್ತಿ ಟ್ರಾನ್ಸ್‌ವಾಲ್ ಸೇರಿದರು. ಆಗ ಅದು ಪಾಲ್ ಕ್ರೂಗರ್ ಅಧ್ಯಕ್ಷರಾಗಿದ್ದ ಬೋಯರ್ ಜನರ ಗಣರಾಜ್ಯ. ಚಿನ್ನದ ಗಣಿಗಳ ಕಾಲ. ಆದರೆ ದನದ ವೈದ್ಯನನ್ನು ಕೇಳುವವರಿರಲಿಲ್ಲ. ಹೊಟ್ಟೆಪಾಡಿಗೆ ಪ್ರಿಟೋರಿಯಾ ಹತ್ತಿರದ ಒಂದು ದೊಡ್ಡ ಜಮೀನಿನಲ್ಲಿ ಕೆಲಸಕ್ಕೆ ನಿಂತರು. ಅಲ್ಲಿ ಮೇವು ಕತ್ತರಿಸುವ ಮಿಷನ್ನಿಗೆ ಎಡಗೈ ಸಿಕ್ಕಿ ಹೋಯಿತು. ವಯಸ್ಸು ಇನ್ನೂ ಇಪ್ಪತ್ತನಾಲ್ಕು.

ಪಶುವೈದ್ಯನಿಗೆ ಒಂದು ಕೈ ಇಲ್ಲವೆಂದರೆ ಏನರ್ಥ ಎಂಬುದನ್ನು ಎಮ್ಮೆಗೆ ಹೆರಿಗೆ ಮಾಡಿಸುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಊರಿಗೆ ಮರಳಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಥೈಲರ್ ಮರಳಲಿಲ್ಲ. 1893ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮನುಷ್ಯರಿಗೆ ಸಿಡುಬು ಹಬ್ಬಿದಾಗ ಅದಕ್ಕೆ ಬೇಕಾದ ಲಸಿಕೆ ತಯಾರಿಸಿ ಕೊಟ್ಟರು. ಹೆಸರು ಬಂತು. ಅದೇ ವರ್ಷ ಎಮ್ಮಾ ಎಂಬಾಕೆ ಸ್ವಿಟ್ಜರ್ಲೆಂಡಿನಿಂದ ಬಂದು ಅವರನ್ನು ಮದುವೆಯಾದರು.

ಮೂರು ವರ್ಷಕ್ಕೆ ದೊಡ್ಡ ಗಂಡಾಂತರವೇ ಬಂತು. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದರಲ್ಲ, ಆ ರಿಂಡರ್‌ಪೆಸ್ಟ್ 1896ರಲ್ಲಿ ಉತ್ತರದಿಂದ ಇಳಿದು ಬಂತು. ಹೊಕ್ಕ ಮಂದೆಯಲ್ಲಿ ಬಹುಪಾಲು ದನ ಸತ್ತವು. ಎತ್ತಿನ ಬಂಡಿಗಳು ದಾರಿಯಲ್ಲೇ ನಿಂತವು. ಸರ್ಕಾರ ಥೈಲರ್ ಅವರನ್ನು ರಾಜ್ಯ ಪಶುವೈದ್ಯರನ್ನಾಗಿ ನೇಮಿಸಿತು. ರೋಗದ ಮಂದೆಯನ್ನು ಗುಂಡಿಟ್ಟು ಕೊಲ್ಲುವುದೊಂದೇ ಆಗ ಗೊತ್ತಿದ್ದ ದಾರಿ. ಅದರಿಂದ ರೋಗ ನಿಲ್ಲಲಿಲ್ಲ. ಥೈಲರ್ ಹಾಗೂ ನೆಟಾಲ್ ಪ್ರಾಂತ್ಯದ ವಾಟ್ಕಿನ್ಸ್-ಪಿಚ್‌ಫರ್ಡ್ ಸೇರಿ ರೋಗದಿಂದ ಬದುಕಿ ಉಳಿದ ದನದ ರಕ್ತದ ಸೀರಂ ಬಳಸಿ ಆರೋಗ್ಯದ ದನಗಳಿಗೆ ರಕ್ಷಣೆ ಕೊಡುವ ವಿಧಾನ ರೂಪಿಸಿದರು. ಜರ್ಮನಿಯ ಹೆಸರಾಂತ ರಾಬರ್ಟ್ ಕಾಕ್ ಕೂಡ ಕಿಂಬರ್ಲಿಗೆ ಬಂದು ಸತ್ತ ದನದ ಪಿತ್ತರಸವನ್ನು ಚುಚ್ಚುವ ಬೇರೊಂದು ವಿಧಾನ ಹೇಳಿದ್ದರು. ಆದರೆ ಮುಂದೆ ನಿಂತದ್ದು ಸೀರಂ ವಿಧಾನವೇ. ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾದದ್ದು 2011ರಲ್ಲಿ, ಅಂದರೆ ನೂರು ವರ್ಷದ ಮೇಲೆ.

1899ರಲ್ಲಿ ಬೋಯರರಿಗೂ ಬ್ರಿಟಿಷರಿಗೂ ಯುದ್ಧ ಹತ್ತಿತು. ಥೈಲರ್ ಬೋಯರ್ ಪಡೆಯ ಪಶುವೈದ್ಯರಾಗಿ ಹೋದರು. ಬೋಯರರು ಸೋತರು. ಸೋತ ಪಕ್ಷದವರಾದರೂ ಗೆದ್ದ ಬ್ರಿಟಿಷರು ಇವರನ್ನು ಕೈಬಿಡಲಿಲ್ಲ. ಪ್ರಿಟೋರಿಯಾ ಪಕ್ಕದ ಡಾಸ್‌ಪೂರ್ಟ್‌ನ ಪುಟ್ಟ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಯಿತು.

ಇಲ್ಲಿಂದಲೇ ನಮ್ಮ ಹಸುವಿನ ಜ್ವರದ ಕಥೆ ಶುರು. ದೊಡ್ಡರೋಗ ಮತ್ತು ಯುದ್ಧದಿಂದ ಬರಿದಾದ ಕೊಟ್ಟಿಗೆ ತುಂಬಿಸಲು ಆಫ್ರಿಕಾದ ಪೂರ್ವ ಕರಾವಳಿಯಿಂದ ದನ ತರಿಸಿದರು. ಅವುಗಳ ಜೊತೆಗೆ ಹೊಸ ಜ್ವರವೂ ಬಂತು. ಮೊದಲು ಅದನ್ನು ಹಳೆಯ ಕೆಂಪುಮೂತ್ರದ ರೋಗವೆಂದೇ ತಿಳಿದರು. 1903ರಲ್ಲಿ ವಸಾಹತು ಸರ್ಕಾರಗಳು ಮತ್ತೆ ಕಾಕ್ ಅವರನ್ನೇ ಕರೆಸಿದವು. ಕ್ಷಯದ ಕ್ರಿಮಿ ಕಂಡುಹಿಡಿದವರು, ಲೋಕವೇ ಕೊಂಡಾಡುತ್ತಿದ್ದವರು. ಗುಣವಾದ ದನದ ರಕ್ತವನ್ನು ಮತ್ತೆ ಮತ್ತೆ ಚುಚ್ಚಿದರೆ ರೋಗ ಬರದು ಎಂಬುದು ಅವರ ಸಲಹೆ. ರೈತರು ನಂಬಿದರು. ದನಗಳು ಸತ್ತವು.

ಥೈಲರ್ ಒಂದೊಂದಾಗಿ ಪರೀಕ್ಷೆ ಮಾಡಿದರು. ಕೆಂಪುಮೂತ್ರ ಬಂದು ವಾಸಿಯಾದ ದನವೂ ಹೊಸ ಜ್ವರಕ್ಕೆ ಸಾಯುತ್ತಿತ್ತು. ಹಾಗಾದರೆ ಇದು ಬೇರೆಯೇ ರೋಗ. ಕೆಂಪುಮೂತ್ರ ರಕ್ತ ಚುಚ್ಚಿದರೆ ಹರಡುತ್ತದೆ, ಇದು ಹಾಗೆ ಹರಡುತ್ತಿರಲಿಲ್ಲ. ಹಾಗಿದ್ದ ಮೇಲೆ ರಕ್ತದ ಚುಚ್ಚುಮದ್ದಿನಿಂದ ರಕ್ಷಣೆ ಸಿಗುವುದಾದರೂ ಹೇಗೆ? ರಕ್ತದಲ್ಲಿದ್ದ ಅತಿ ಸಣ್ಣ ಜೀವಿಯನ್ನು 1904ರಲ್ಲಿ ಅವರು ಬೇರೆಯೆಂದು ಗುರುತಿಸಿದರು. ಕೇಪ್ ಪ್ರಾಂತ್ಯದ ಕೀಟತಜ್ಞ ಲೌನ್ಸ್‌ಬರಿ ಅದನ್ನು ಹೊತ್ತು ತರುವುದು ಕಂದು ಬಣ್ಣದ ಉಣುಗು ಎಂದು ತೋರಿಸಿದರು. 1907ರಲ್ಲಿ ಪೋರ್ಚುಗಲ್‌ನ ಸಂಶೋಧಕರು ಈ ಜೀವಿಗಳ ಗುಂಪಿಗೆ ಥೈಲೇರಿಯಾ ಎಂದು ಹೆಸರಿಟ್ಟರು.

ಸರ್ಕಾರಕ್ಕೆ ಥೈಲರ್ ಕೊಟ್ಟ ಸಲಹೆ ಕೇಳಲು ತೀರ ಸಾಧಾರಣ. ಬೇಲಿ ಹಾಕಿ, ದನದ ಸಾಗಾಟ ನಿಲ್ಲಿಸಿ, ರೋಗ ಬಿದ್ದ ಹುಲ್ಲುಗಾವಲಿಗೆ ಸುಮಾರು ಹದಿನೈದು ತಿಂಗಳು ದನ ಬಿಡಬೇಡಿ. ಕುರಿ, ಕುದುರೆ ಮೇಯಲಿ, ಅವುಗಳಿಗೆ ಈ ರೋಗ ಬಾರದು. ಅವುಗಳನ್ನು ಕಚ್ಚಿದ ಉಣುಗಿನ ವಿಷ ಅಲ್ಲಿಗೇ ತೀರುತ್ತದೆ, ಅದು ಮೊಟ್ಟೆಯ ಮೂಲಕ ಮರಿಗೆ ಇಳಿಯುವುದಿಲ್ಲ. ಔಷಧಿ ಇಲ್ಲದ ಕಾಲದಲ್ಲಿ ಇದೇ ಔಷಧಿ. ಜೊತೆಗೆ ದನಗಳನ್ನು ಔಷಧಿ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಕ್ರಮವೂ ಸೇರಿ, 1950ರ ದಶಕದ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಆ ಜ್ವರ ಅಡಗಿತು.

ಆದರೆ ಅದರ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳಲಿಲ್ಲ. ಬೇಲಿ ಹಾಕಲು ಜಮೀನಿದ್ದ ಬಿಳಿಯ ರೈತರಿಗೆ ದಾರಿ ಇತ್ತು. ಬಯಲಲ್ಲಿ ಮೇಯಿಸಿ ಬದುಕುವ ಕರಿಯ ಜನರಿಗೆ ಸಾಗಾಟ ನಿಷೇಧವೆಂದರೆ ಉಪವಾಸ. ಮೇಲೆ ತೊಟ್ಟಿಯ ತೆರಿಗೆ ಬೇರೆ. 1914ರಲ್ಲಿ ಕೆಲವೆಡೆ ಅವರು ಸಿಟ್ಟಿನಿಂದ ತೊಟ್ಟಿಗಳನ್ನೇ ಒಡೆದರು. ಕಾಲುಬಾಯಿ ಜ್ವರ ಬಂದಾಗ ಚೆಕ್‌ಪೋಸ್ಟಿನಲ್ಲಿ ಎತ್ತು ತಡೆದು, ಜಾತ್ರೆಯ ದನದ ಪರಿಷೆ ರದ್ದಾದ ಕಷ್ಟ ಕಂಡಿರುವ ಗಡಿ ಊರಿನವರಿಗೆ ಆ ಸಿಟ್ಟು ಅರ್ಥವಾಗದಿರದು. ಸಲಹೆ ಸರಿಯಾಗಿತ್ತು, ಜಾರಿಯಾದ ರೀತಿ ಸರಿಯಾಗಿರಲಿಲ್ಲ.

1908ರಲ್ಲಿ ಪ್ರಿಟೋರಿಯಾದ ಉತ್ತರಕ್ಕೆ ಒಂಡರ್‌ಸ್ಟೆಪೂರ್ಟ್‌ನಲ್ಲಿ ದೊಡ್ಡ ಸಂಶೋಧನಾ ಕೇಂದ್ರ ತೆರೆಯಿತು. ಥೈಲರ್ ಸರ್ಕಾರದ ಬೆನ್ನು ಹತ್ತಿ ಕಟ್ಟಿಸಿದ ಸಂಸ್ಥೆ ಅದು. 1910ರಲ್ಲಿ ಪ್ರಾಂತ್ಯಗಳು ಸೇರಿ ಒಂದು ದೇಶವಾದ ಮೇಲೆ ಇಡೀ ದೇಶದ ಪಶುರೋಗ ಸಂಶೋಧನೆ ಅವರ ಕೈಗೆ ಬಂತು. 1914ರಲ್ಲಿ ಸರ್ ಪದವಿ ಸಿಕ್ಕಿತು.

ರಾಯದುರ್ಗ, ಮಡಕಶಿರಾ ಕಡೆಯ ಕುರಿಗಾಹಿಗಳಿಗೆ ನೀಲಿ ನಾಲಿಗೆ ರೋಗ ಗೊತ್ತು. ಅದಕ್ಕೆ ಮೊದಲ ಲಸಿಕೆ ಮಾಡಿದವರೂ ಥೈಲರ್ ಅವರೇ. ನಲವತ್ತು ವರ್ಷದಷ್ಟು ಕಾಲ ಅದು ಬಳಕೆಯಲ್ಲಿತ್ತು. ಆದರೆ ಆ ರೋಗದ ವೈರಾಣುವಿನಲ್ಲಿ ಹಲವು ಬಗೆಗಳಿವೆ, ಒಂದರ ಲಸಿಕೆ ಇನ್ನೊಂದನ್ನು ತಡೆಯದು ಎಂಬುದು ಅವರ ಕಾಲದ ನಂತರ ತಿಳಿಯಿತು. ಭಾರತದಲ್ಲಿ ಈ ರೋಗ 1964ರಲ್ಲಿ ಮಹಾರಾಷ್ಟ್ರದಲ್ಲಿ ವರದಿಯಾಯಿತು. ಇಲ್ಲಿ ಈಗಿರುವ ಲಸಿಕೆಯಲ್ಲಿ ಐದು ಬಗೆ ಸೇರಿವೆ.

ಕೊನೆಯ ದೊಡ್ಡ ಕೆಲಸ ಒಣಸೀಮೆಯದು. ಅಲ್ಲಿನ ದನಗಳು ಕಾಲು ಸೋತು ಬಿದ್ದು ಸಾಯುತ್ತಿದ್ದವು. ವಿಷದ ಗಿಡ ಕಾರಣವಿರಬೇಕೆಂದು ಥೈಲರ್ ವರ್ಷಗಟ್ಟಲೆ ಹುಡುಕಿ ಸೋತರು. ಕೊನೆಗೆ 1919ರಲ್ಲಿ ಆರ್ಮೂಡ್ಸ್‌ವ್ಲಾಕ್ಟೆ ಎಂಬಲ್ಲಿಗೆ ಹೋಗಿ ಕುಳಿತರು. ಬಡತನದ ಬಯಲು ಎಂದೇ ಆ ಹೆಸರಿನ ಅರ್ಥ. ಅಲ್ಲಿ ಗುಟ್ಟು ಸಿಕ್ಕಿತು. ಮಣ್ಣಿನಲ್ಲಿ ರಂಜಕ ಕಡಿಮೆ, ಆದ್ದರಿಂದ ಹುಲ್ಲಿನಲ್ಲೂ ಕಡಿಮೆ. ಆ ಕೊರತೆಗೆ ದನ ಸತ್ತ ಪ್ರಾಣಿಯ ಎಲುಬು ಕಡಿಯುತ್ತದೆ. ಕೊಳೆತ ಎಲುಬಿನಲ್ಲಿ ಕ್ರಿಮಿಯ ವಿಷ ಇರುತ್ತದೆ. ಬೇಸಿಗೆಯಲ್ಲಿ ಹಸು ಎಲುಬು, ಬಟ್ಟೆ, ಚಪ್ಪಲಿ ಅಗಿಯುವುದನ್ನು ಜತ್ತ, ಆದೋನಿ ಕಡೆಯವರು ನೋಡಿಯೇ ಇರುತ್ತಾರೆ. ಥೈಲರ್ ಹೇಳಿದ ಪರಿಹಾರ ಕ್ರಿಮಿ ಸಾಯುವಂತೆ ಹದಮಾಡಿದ ಎಲುಬಿನ ಪುಡಿ ತಿನ್ನಿಸುವುದು. ರೋಗವೂ ನಿಂತಿತು, ಹಾಲೂ ಹೆಚ್ಚಿತು. ಕೇಪ್ ಪ್ರಾಂತ್ಯದ ಹಚಿಯನ್ ಎಂಬ ಪಶುವೈದ್ಯರು ಎಲುಬಿನ ಪುಡಿಯ ಮಾತನ್ನು ಇದಕ್ಕೆ ಬಹಳ ಹಿಂದೆಯೇ ಹೇಳಿದ್ದರು ಎಂಬುದನ್ನೂ ನೆನೆಯಬೇಕು.

1920ರಲ್ಲಿ ದೇಶದ ಮೊದಲ ಪಶುವೈದ್ಯ ವಿಭಾಗಕ್ಕೆ ಥೈಲರ್ ಡೀನ್ ಆದರು. ಅಲ್ಲಿಯವರೆಗೆ ಪಶುವೈದ್ಯರಾಗಬೇಕಾದರೆ ಅಲ್ಲಿನ ಹುಡುಗರು ಕಡಲು ದಾಟಬೇಕಿತ್ತು. 1927ರಲ್ಲಿ ನಿವೃತ್ತಿಯಾದರು. 1936ರ ಜುಲೈ 24ರಂದು ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ತೀರಿಕೊಂಡರು.

ನಮ್ಮ ಮಿಶ್ರತಳಿ ಹಸುಗಳನ್ನು ಕಾಡುವುದು ಆಫ್ರಿಕಾದ ಜೀವಿ ಅಲ್ಲ, ಅದರ ದಾಯಾದಿ ಥೈಲೇರಿಯಾ ಆನ್ಯುಲೇಟ. ವಯನಾಡಿನ ದನಗಳಲ್ಲಿ ಇದೇ ಗುಂಪಿನ ಮತ್ತೊಂದು ಜೀವಿಯೂ ಕಂಡುಬಂದಿದೆ. ಈಗ ಬುಪಾರ್ವಾಕ್ವೋನ್ ಎಂಬ ಚುಚ್ಚುಮದ್ದಿದೆ. ಬೇಗ ಕೊಟ್ಟರೆ ಹಸು ಉಳಿಯುತ್ತದೆ.

ಥೈಲರ್ ಅವರ ಕಿರಿಯ ಮಗ ಮ್ಯಾಕ್ಸ್ ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪಡೆದರು. ಮಗಳು ಗೆರ್ಟ್ರೂಡ್ ಕೂಡ ವಿಜ್ಞಾನಿ. ಅವರು ಅಭ್ಯಾಸ ಮಾಡಿದ್ದರಲ್ಲಿ ಉಣುಗುಗಳೂ ಸೇರಿವೆ.