ಕಂಟೋನ್ಮೆಂಟಿನ ಚರ್ಚಿಲ್ ಮತ್ತು ಕುದುರೆ ಬಾಜಿಯ ಲೆಕ್ಕ

ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನಲ್ಲಿ 1899ರ ಒಂದು ಲೆಕ್ಕದ ಪುಸ್ತಕ ಇದೆ. ಅದರ ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಅನ್ನೋ ಹೆಸರು, ಪಕ್ಕದಲ್ಲಿ 13 ರೂಪಾಯಿ. ಕಾಲೇಜು ಕ್ವಿಜ್‌ಗಳಲ್ಲಿ ಇದು ಎಷ್ಟು ಸಲ ಬಂದಿದೆ ಅಂದರೆ ಈಗ ಬಜರ್ ಒತ್ತೋರಿಗೂ ಬೇಜಾರು. ಆದರೆ ವಿನ್‌ಸ್ಟನ್ ಚರ್ಚಿಲ್‌ಗೂ ಬಾಜಿಗೂ ಇದ್ದ ನಂಟು 13 ರೂಪಾಯಿಗೆ ಮುಗಿಯೋದಲ್ಲ. ಪೈಥಾನ್ ಕಲಿತ ಎರಡನೇ ತಿಂಗಳಿಗೇ ರೇಸಿನ ಡೇಟಾ ಇಳಿಸಿಕೊಂಡು, ಬುಕ್ಕಿಯನ್ನು ಸೋಲಿಸೋ ಮಾಡೆಲ್ ಕಟ್ಟೋಕೆ ಹೊರಡೋರು ನಮ್ಮ ಹಾಸ್ಟೆಲುಗಳಲ್ಲೂ ಇದ್ದಾರೆ. ಹಾಗಾಗಿ ಅವನ ಬದುಕನ್ನು ಈ ಸಲ ಆ ಕಡೆಯಿಂದಲೇ ನೋಡೋಣ.

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಬ್ಲೆನ್‌ಹೈಮ್ ಅರಮನೆಯಲ್ಲಿ. ಕುದುರೆ ಮತ್ತು ಸಟ್ಟಾ ಎರಡೂ ಮನೆಯಲ್ಲೇ ಇದ್ದವು. ತಾಯಿಯ ಅಪ್ಪ ಲಿಯೊನಾರ್ಡ್ ಜೆರೋಮ್ ನ್ಯೂಯಾರ್ಕಿನಲ್ಲಿ ಷೇರು ಸಟ್ಟಾ ಆಡಿ ದುಡ್ಡು ಮಾಡಿದವನು, ಕಳೆದುಕೊಂಡವನೂ ಹೌದು. 1866ರಲ್ಲಿ ಅಲ್ಲಿ ಶುರುವಾದ ಜೆರೋಮ್ ಪಾರ್ಕ್ ರೇಸ್ ಕೋರ್ಸ್ ಅವನದೇ ಹೆಸರಿನದು. ಅಪ್ಪ ಲಾರ್ಡ್ ರ್‍ಯಾಂಡಾಲ್ಫ್ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದವನು. ಅವನ ಕುದುರೆ 1889ರಲ್ಲಿ ಓಕ್ಸ್ ಎಂಬ ದೊಡ್ಡ ರೇಸನ್ನು ಗೆದ್ದಿತ್ತು. ಮಗನಿಗೆ ಗಣಿತ ಕಷ್ಟ. ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗಿದ್ದು ಮೂರನೇ ಸಲಕ್ಕೆ.

1895ರಲ್ಲಿ ಅವನು ನಾಲ್ಕನೇ ಹುಸಾರ್ಸ್ ಅನ್ನೋ ಕುದುರೆ ಪಡೆಗೆ ಸೇರಿದ. ಸೇರಿದ ಕೆಲವೇ ವಾರಗಳಲ್ಲಿ ಅಲ್ಲಿನ ಕಿರಿಯ ಅಧಿಕಾರಿಗಳ ರೇಸಿನಲ್ಲಿ ಬೇರೆ ಹೆಸರು ಕೊಟ್ಟು ಓಡಿಸಿ ಮೂರನೆಯವನಾದ. ಆಮೇಲೆ ಆ ರೇಸಿನ ಬಗ್ಗೆ ಗುಮಾನಿ ಎದ್ದಿತು. ಗೆದ್ದ ಕುದುರೆಯ ಹೆಸರಲ್ಲಿ ಬೇರೊಂದು ಕುದುರೆ ಓಡಿದೆ ಎಂಬ ಆರೋಪ ಪತ್ರಿಕೆಗೂ ಹೋಯಿತು. ಮಾರನೇ ವರ್ಷ ರೇಸಿನ ಆಡಳಿತ ಮಂಡಳಿ ಆ ಫಲಿತಾಂಶವನ್ನೇ ರದ್ದು ಮಾಡಿ, ಓಡಿದ ಕುದುರೆಗಳನ್ನೆಲ್ಲ ಅನರ್ಹಗೊಳಿಸಿತು. ಇಪ್ಪತ್ತೆರಡು ತುಂಬುವ ಮೊದಲೇ ಅವನಿಗೆ ಕಣ್ಣೆದುರು ಸಿಕ್ಕ ಪಾಠ ಇದು. ಬಾಜಿಯಲ್ಲಿ ಎಲ್ಲರ ಹತ್ತಿರ ಇರೋ ಮಾಹಿತಿ ಒಂದೇ ಅಲ್ಲ.

1896ರ ಅಕ್ಟೋಬರಿನಲ್ಲಿ ಪಡೆ ಬೆಂಗಳೂರಿಗೆ ಬಂತು. ಆಗಿನ ಕಂಟೋನ್ಮೆಂಟನ್ನು ಈಗಿನ ಮೆಟ್ರೋ ಮ್ಯಾಪಿನಲ್ಲಿ ಹುಡುಕಿದರೆ ಸಿಗೋದು ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರಿನ ಸುತ್ತಮುತ್ತ. ಶಿವಾಜಿನಗರಕ್ಕೆ ಬ್ಲ್ಯಾಕ್‌ಪಲ್ಲಿ ಅಂತ ಹೆಸರಿತ್ತು, ಇಂದಿರಾನಗರ ಹುಟ್ಟೇ ಇರಲಿಲ್ಲ, ಕೆ.ಆರ್. ಪುರ ಊರಾಚೆಯ ಹಳ್ಳಿ. ಬಾಂಬೆಯಲ್ಲಿ ದೋಣಿಯಿಂದ ಇಳಿಯುವಾಗ ಭುಜ ಕಳಚಿಕೊಂಡಿದ್ದ ಚರ್ಚಿಲ್, ಇಬ್ಬರು ಗೆಳೆಯರ ಜೊತೆ ಒಂದು ಬಂಗಲೆ ಬಾಡಿಗೆಗೆ ಹಿಡಿದ. ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ಸಂಜೆಯಾದರೆ ಪೋಲೋ.

ಪೋಲೋ ಅಂದರೆ ಕುದುರೆ, ಕುದುರೆ ಅಂದರೆ ಖರ್ಚು. ಸಂಬಳದ ಮೇಲೆ ಅಮ್ಮ ಕಳಿಸುತ್ತಿದ್ದ ಹಣವೂ ಸಾಲುತ್ತಿರಲಿಲ್ಲ. ಕಂಟೋನ್ಮೆಂಟಿನ ಸಾಹುಕಾರರು ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಾಲ ಕೊಡುತ್ತಿದ್ದರು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಅಂತ ಅವನೇ ಮುಂದೆ ಬರೆದುಕೊಂಡಿದ್ದಾನೆ. ಕೇಳೋಕೆ ಸಣ್ಣದು. 1.02 ಅನ್ನು ಹನ್ನೆರಡು ಸಲ ಗುಣಿಸಿ ನೋಡಿ, ವರ್ಷಕ್ಕೆ ಸುಮಾರು 27 ಪರ್ಸೆಂಟ್ ಆಗುತ್ತೆ. ಸಾಲದ ದುಡ್ಡಲ್ಲಿ ಬಾಜಿ ಕಟ್ಟೋನು ಬುಕ್ಕಿಗಿಂತ ಮೊದಲು ಈ 27ನ್ನು ಸೋಲಿಸಬೇಕು.

ಇನ್ನು ಬುಕ್ಕಿಯನ್ನು ಸೋಲಿಸೋದು ಎಷ್ಟು ಕಷ್ಟ? ಒಂದು ಉದಾಹರಣೆ ತಗೊಳ್ಳೋಣ. ಮೂರೇ ಕುದುರೆ, ಮೂರೂ ಸಮ ಅಂತಿಟ್ಟುಕೊಳ್ಳಿ. ನ್ಯಾಯವಾಗಿ 100 ರೂಪಾಯಿ ಕಟ್ಟಿ ಗೆದ್ದವನಿಗೆ 300 ಬರಬೇಕು. ಬುಕ್ಕಿ 250 ಕೊಡ್ತಾನೆ. ಅಂದರೆ ಅವನ ಬೋರ್ಡಿನ ಪ್ರಕಾರ ಪ್ರತಿ ಕುದುರೆ ಗೆಲ್ಲುವ ಸಂಭವ 40 ಪರ್ಸೆಂಟ್, ಮೂರೂ ಸೇರಿಸಿದರೆ 120. ಆ ಹೆಚ್ಚಿನ 20ರಲ್ಲಿ ಅವನ ಹೊಟ್ಟೆಪಾಡು ಇದೆ. ಮೂರಕ್ಕೂ ನೂರು ನೂರು ಕಟ್ಟಿದರೆ 300 ಹೋಗಿ 250 ವಾಪಸ್ ಬರುತ್ತೆ, ಯಾವ ಕುದುರೆ ಗೆದ್ದರೂ ಅಷ್ಟೇ. ಟೋಟ್ ಅಂದರೆ ಎಲ್ಲರ ಹಣವನ್ನೂ ಒಂದೇ ಗುಡ್ಡೆ ಹಾಕಿ, ಅದರಲ್ಲೊಂದು ಪಾಲು ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚೋದು. ಅಲ್ಲೂ ಆ ಪಾಲು ಮೊದಲೇ ಹೋಗಿರುತ್ತೆ.

ಹಾಗಾದರೆ ಲಾಭ ಮಾಡೋದು ಹೇಗೆ? ಒಳ್ಳೇ ಕುದುರೆ ಯಾವುದು ಅಂತ ಗೊತ್ತಿದ್ದರೆ ಸಾಲದು, ಅದು ಬೋರ್ಡಿಗೂ ಗೊತ್ತಿರುತ್ತೆ. ಬೋರ್ಡು 40 ಅನ್ನೋ ಕಡೆ ನಿಜವಾದ ಸಂಭವ 50 ಇರಬೇಕು, ಅದು ನಿಮಗೆ ಗೊತ್ತಿರಬೇಕು. ಅಷ್ಟಾದ ಮೇಲೆ ಕೈಲಿರೋ ಹಣದಲ್ಲಿ ಎಷ್ಟು ಕಟ್ಟಬೇಕು ಅನ್ನೋ ಸೂತ್ರವನ್ನು ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ. ಅವನ ಲೆಕ್ಕದಲ್ಲೂ ನಿಮ್ಮ ಅಂದಾಜು ಬೋರ್ಡಿಗಿಂತ ಮೇಲಿಲ್ಲದಿದ್ದರೆ ಕಟ್ಟಬೇಕಾದ ಮೊತ್ತ ಸೊನ್ನೆ. ಎಲ್ಲಕ್ಕೂ ಮೊದಲು ಬೇಕಾದ ಅಭ್ಯಾಸ ಒಂದೇ. ಬೋರ್ಡು ನೋಡುವ ಮುಂಚೆ ನಮ್ಮ ಅಂದಾಜನ್ನು ಬರೆದಿಡೋದು. ಬೋರ್ಡು ನೋಡಿದ ಮೇಲೆ ಬರೆದರೆ ಅದು ನಮ್ಮ ಅಂದಾಜಲ್ಲ, ಬೋರ್ಡಿನ ಕಾಪಿ.

ಮಜಾ ಏನಂದರೆ, ಇದೇ ಅಭ್ಯಾಸವನ್ನು ಚರ್ಚಿಲ್ ಬೆಂಗಳೂರಿನಲ್ಲಿ ಕಲಿತ. ಕುದುರೆಗೋಸ್ಕರ ಅಲ್ಲ. ಕಾಲೇಜಿಗೆ ಹೋಗಲಿಲ್ಲ ಎಂಬ ಕೊರತೆ ಅವನನ್ನು ಕಾಡುತ್ತಿತ್ತು. ಬಿಸಿಲ ಹೊತ್ತಿನಲ್ಲಿ ಬೇರೆ ಅಧಿಕಾರಿಗಳು ಮಲಗಿದಾಗ ಇವನು ದಿನಕ್ಕೆ ನಾಲ್ಕೈದು ಗಂಟೆ ಓದಿದ. ಗಿಬ್ಬನ್, ಮೆಕಾಲೆ, ಪ್ಲೇಟೋ. ಬ್ರಿಟನ್ನಿನ ವಿದ್ಯಮಾನಗಳನ್ನು ವರ್ಷವರ್ಷ ದಾಖಲಿಸುವ ಆ್ಯನ್ಯುಯಲ್ ರಿಜಿಸ್ಟರ್‌ನ ಹಳೆಯ ಸಂಪುಟಗಳನ್ನು ಅಮ್ಮನಿಂದ ತರಿಸಿಕೊಂಡ. ಒಂದು ವಿಷಯದ ಮೇಲೆ ಸಂಸತ್ತಿನಲ್ಲಿ ನಡೆದ ಚರ್ಚೆಯನ್ನು ಓದುವ ಮುಂಚೆ, ಆ ವಿಷಯದ ಬಗ್ಗೆ ತನ್ನ ನಿಲುವನ್ನು ಕಾಗದದಲ್ಲಿ ಬರೆಯುತ್ತಿದ್ದ. ಆಮೇಲೆ ಓದಿ ಹೋಲಿಸುತ್ತಿದ್ದ. ಮಾಡೆಲ್ ಕಟ್ಟೋರು ಟೆಸ್ಟ್ ಡೇಟಾವನ್ನು ಮುಚ್ಚಿಡೋದೂ ಇದೇ ಕಾರಣಕ್ಕೆ ಅಲ್ವಾ?

ಫಲ ಬೇಗ ಬಂತು. 1897ರ ಬೇಸಿಗೆಯಲ್ಲಿ ರಜೆ ಮೇಲೆ ಇಂಗ್ಲೆಂಡಿಗೆ ಹೋಗಿದ್ದ ಚರ್ಚಿಲ್, ಗುಡ್‌ವುಡ್ ರೇಸಿನಲ್ಲಿ ಬಾಜಿ ಗೆಲ್ಲುತ್ತಾ ನಿಂತಿದ್ದಾಗ ವಾಯವ್ಯ ಗಡಿಯಲ್ಲಿ ದಂಗೆ ಎದ್ದ ಸುದ್ದಿ ಬಂತು. ಗೆಲ್ಲುತ್ತಿದ್ದ ಬಾಜಿ ಬಿಟ್ಟು ಹಡಗು ಹತ್ತಿದ. ಬೆಂಗಳೂರಿಗೆ ಬಂದು, ಇಲ್ಲಿಂದ ಸುಮಾರು 2,000 ಮೈಲಿ ರೈಲಿನಲ್ಲಿ ಹೋಗಿ, ಪತ್ರಿಕಾ ವರದಿಗಾರನಾಗಿ ಯುದ್ಧ ನೋಡಿದ. ವಾಪಸ್ ಬೆಂಗಳೂರಿಗೆ ಬಂದು ಬರೆದ ಮಲಾಕಂಡ್ ಪುಸ್ತಕ 1898ರಲ್ಲಿ ಹೊರಬಂತು. ಕೆಲವೇ ತಿಂಗಳ ಬರವಣಿಗೆಯಿಂದ ಬಂದ ಹಣ ಒಬ್ಬ ಕಿರಿಯ ಅಧಿಕಾರಿಯ ಎರಡು ವರ್ಷದ ಸಂಬಳದಷ್ಟಿತ್ತು. ಕಣ್ಣಾರೆ ನೋಡಿದ್ದನ್ನು ಬೇರೆಯವರಿಗಿಂತ ಬೇಗ, ಚೆನ್ನಾಗಿ ಬರೆಯೋದು ಅವನ ನಿಜವಾದ ಬಲ. ಯಾವ ಬುಕ್ಕಿಯೂ ಅದರಲ್ಲಿ ಪಾಲು ತೆಗೆಯೋ ಹಾಗಿರಲಿಲ್ಲ. 1899ರಲ್ಲಿ ಅವನು ಬೆಂಗಳೂರು ಬಿಟ್ಟ. ಪುಸ್ತಕ, ಭಾಷಣಗಳಿಂದ ಎರಡೇ ವರ್ಷದಲ್ಲಿ ಸುಮಾರು 10,000 ಪೌಂಡ್ ಕೂಡಿತು. 1900ರಲ್ಲಿ ಸಂಸತ್ ಸದಸ್ಯನೂ ಆದ.

ಇಷ್ಟು ಕಲಿತವನು ದುಡ್ಡಿನ ವಿಷಯದಲ್ಲೂ ಹುಷಾರಾಗಿರಬೇಕಿತ್ತು. ಆಗಲಿಲ್ಲ. ಫ್ರಾನ್ಸಿನ ಜೂಜುಮನೆಗಳಲ್ಲಿ ಸೋತ, ಷೇರುಗಳಲ್ಲಿ ಸಟ್ಟಾ ಆಡಿದ.

1924ರಲ್ಲಿ ಅವನೇ ಹಣಕಾಸು ಮಂತ್ರಿ. 1926ರ ಬಜೆಟ್‌ನಲ್ಲಿ ಬಾಜಿಯ ಮೇಲೆ ತೆರಿಗೆ ತಂದ. ಬುಕ್ಕಿಯ ಲಾಭದ ಮೇಲಲ್ಲ, ಕಟ್ಟಿದ ಪ್ರತಿ ಮೊತ್ತದ ಮೇಲೆ. ಮೊದಲು ಯೋಚಿಸಿದ್ದು 5 ಪರ್ಸೆಂಟ್. ಕೊನೆಗೆ ರೇಸ್ ಕೋರ್ಸಿನೊಳಗೆ 2, ಹೊರಗೆ 3.5. ಇಲ್ಲಿ ನಮ್ಮ ಕ್ಯಾಲ್ಕುಲೇಟರ್ ಮತ್ತೆ ಬೇಕು. ಬಾಜಿಯ ಹಣ ಒಂದೇ ಸಲ ತಿರುಗೋದಿಲ್ಲ, ಗೆದ್ದದ್ದನ್ನು ಮುಂದಿನ ರೇಸಿಗೆ ಹಾಕ್ತಾರೆ. ಪ್ರತಿ ಸುತ್ತಿಗೆ 5 ಹೋದರೆ ಹತ್ತು ಸುತ್ತಿಗೆ 100ರಲ್ಲಿ ಉಳಿಯೋದು ಸುಮಾರು 60. ಬರೀ 2 ಹೋದರೂ 82. ಬುಕ್ಕಿಗಳು ರೊಚ್ಚಿಗೆದ್ದರು, ವಿಂಡ್ಸರ್‌ನಲ್ಲಿ ಬಾಜಿ ತಗೊಳ್ಳೋದನ್ನೇ ನಿಲ್ಲಿಸಿದರು. ಕಾನೂನುಬಾಹಿರವಾದ ಬೀದಿ ಬಾಜಿಗೆ ತೆರಿಗೆ ತಟ್ಟಲೇ ಇಲ್ಲ. ಅಂದುಕೊಂಡಷ್ಟು ಹಣ ಬರದೆ 1929ರ ಬಜೆಟ್‌ನಲ್ಲಿ ಅದನ್ನು ತಾನೇ ಕೈಬಿಟ್ಟ.

ಇದು ಹಳೇ ಕಥೆ ಅನ್ನಬೇಡಿ. ಕುದುರೆ ರೇಸು ಕೌಶಲದ ಆಟ ಅಂತ ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತ್ತು. ಆದರೆ ತೆರಿಗೆ ಇಡೀ ಬಾಜಿಯ ಮೇಲೋ, ಬರೀ ಕಮಿಷನ್ನಿನ ಮೇಲೋ ಅನ್ನೋ ಜಗಳ ನಮ್ಮ ಬೆಂಗಳೂರು ಟರ್ಫ್ ಕ್ಲಬ್ಬಿನಿಂದಲೇ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಕೋರ್ಟು ಕಮಿಷನ್ನಿನ ಮೇಲೆ ಮಾತ್ರ ಅಂದಿತು. 2023ರ ಅಕ್ಟೋಬರಿನಿಂದ ಕಾನೂನೇ ಬದಲಾಗಿ ಇಡೀ ಬಾಜಿಯ ಮೇಲೆ 28 ಪರ್ಸೆಂಟ್ ಜಿಎಸ್‌ಟಿ, 2025ರ ಸೆಪ್ಟೆಂಬರಿನಿಂದ 40. ಚರ್ಚಿಲ್‌ನ ಎರಡು ಪರ್ಸೆಂಟಿಗೇ ಬುಕ್ಕಿಗಳು ಬೀದಿಗಿಳಿದಿದ್ದರು. ನಮ್ಮ ಗೆಳೆಯರ ಮಾಡೆಲ್ ಬೋರ್ಡಿಗಿಂತ ಹತ್ತು ಪರ್ಸೆಂಟ್ ಚೆನ್ನಾಗಿದ್ದರೂ ಈ ಲೆಕ್ಕದ ಎದುರು ಅದು ಎಲ್ಲಿ ನಿಲ್ಲುತ್ತೆ?

ಬಾಜಿ ತೆರಿಗೆ ಕೈಬಿಟ್ಟ ಅದೇ 1929ರಲ್ಲಿ ಅವನ ಪಕ್ಷ ಅಧಿಕಾರ ಕಳೆದುಕೊಂಡಿತು. ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಕುಸಿದಾಗ ಚರ್ಚಿಲ್ ನ್ಯೂಯಾರ್ಕಿನಲ್ಲೇ ಇದ್ದ, ಅವನ ಹಣವೂ ಅಲ್ಲೇ ಇತ್ತು. ಕೂಡಿಟ್ಟ ದೊಡ್ಡ ಮೊತ್ತ ಹೋಯಿತು. ತೀರಿಸೋಕೆ ಮತ್ತೆ ಪೆನ್ನು ಹಿಡಿದ. 1938ರಲ್ಲಿ ಷೇರು ಸಾಲ ಎಷ್ಟಾಗಿತ್ತೆಂದರೆ ಮನೆ ಮಾರಾಟಕ್ಕಿಡುವ ಮಟ್ಟಕ್ಕೆ ಬಂದಿದ್ದ. ಹೆನ್ರಿ ಸ್ಟ್ರಾಕೋಶ್ ಎಂಬ ಶ್ರೀಮಂತ ಆ ಸಾಲವನ್ನು ವಹಿಸಿಕೊಂಡಿದ್ದರಿಂದ ಮನೆ ಉಳಿಯಿತು. ಕಂಟೋನ್ಮೆಂಟಿನ ಸಾಹುಕಾರರ ಹತ್ತಿರ ಸಹಿ ಹಾಕುತ್ತಿದ್ದ ಹುಡುಗ ಅರವತ್ತು ದಾಟಿದರೂ ಬದಲಾಗಿರಲಿಲ್ಲ.

ಕುದುರೆಯಿಂದ ಅವನಿಗೆ ಒಳ್ಳೆಯದಾಗಿದ್ದು ವಯಸ್ಸಾದ ಮೇಲೆ. 1949ರಲ್ಲಿ ಅಳಿಯನ ಮಾತು ಕೇಳಿ ಕೊಲೊನಿಸ್ಟ್ ಎಂಬ ಬೂದು ಬಣ್ಣದ ಫ್ರೆಂಚ್ ಕುದುರೆ ಕೊಂಡ. ಅಪ್ಪನ ರೇಸಿಂಗ್ ಬಣ್ಣಗಳಲ್ಲೇ ಓಡಿಸಿದ. ಅದು 13 ರೇಸ್ ಗೆದ್ದಿತು. ಇಲ್ಲೂ ಕುದುರೆ ಆರಿಸಿದ್ದು ಅದರ ಬಗ್ಗೆ ಬಲ್ಲ ಅಳಿಯ. 1953ರಲ್ಲಿ ಅವನಿಗೆ ನೊಬೆಲ್ ಬಂದಿದ್ದು ಸಾಹಿತ್ಯಕ್ಕೆ. ಬೆಂಗಳೂರಿನ ಮಧ್ಯಾಹ್ನಗಳು ಕೊಟ್ಟ ಬಲಕ್ಕೆ ಅನ್ನಬಹುದು. 1965ರ ಜನವರಿ 24ರಂದು ತೀರಿಕೊಂಡ. ಅಪ್ಪ ಸತ್ತು ಅಂದಿಗೆ ಸರಿಯಾಗಿ 70 ವರ್ಷ.

ಚರ್ಚಿಲ್ ನಮಗೆ ಹೀರೋ ಅಲ್ಲ. ನಮ್ಮ ಸ್ವಾತಂತ್ರ್ಯಕ್ಕೆ ಕೊನೆವರೆಗೂ ಅಡ್ಡ ನಿಂತವನು. 1943ರಲ್ಲಿ ಬಂಗಾಳದ ಕ್ಷಾಮಕ್ಕೆ ಲಕ್ಷಗಟ್ಟಲೆ ಜನ ಬಲಿಯಾದಾಗ ಲಂಡನ್ನಿನಲ್ಲಿ ಪ್ರಧಾನಿಯಾಗಿದ್ದವನು. ಅದನ್ನು ಮರೆತು ಅವನ ಗುಲಾಬಿ ತೋಟದ ಕಥೆ ಹೇಳೋದು ತಪ್ಪು. ಆದರೆ ಶತ್ರುವಿನ ನೋಟ್‌ಬುಕ್ಕಿನಿಂದಲೂ ಒಂದು ಪುಟ ಕಲಿಯಬಹುದು.

ರೇಸಿನ ಮಾಡೆಲ್ ಕಟ್ಟಬೇಕು ಅಂತ ಕೈ ತುರಿಸೋ ಗೆಳೆಯರಿಗೆ ನಾವು ಹೇಳೋದು ಇಷ್ಟೇ. ಕಟ್ಟಿ, ಖಂಡಿತ ಕಟ್ಟಿ. ಪ್ರಾಬಬಿಲಿಟಿ ಕಲಿಯೋಕೆ ಅದಕ್ಕಿಂತ ಒಳ್ಳೇ ಪ್ರಾಜೆಕ್ಟು ಕಡಿಮೆ. ಪ್ರತಿ ರೇಸಿಗೂ ಮುಂಚೆ ನಿಮ್ಮ ಅಂದಾಜನ್ನು ಬರೆದಿಡಿ, ಆಮೇಲೆ ಆಡ್ಸ್ ನೋಡಿ, ತೆರಿಗೆ ಮತ್ತು ಬುಕ್ಕಿಯ ಪಾಲು ಕಳೆದು ಒಂದು ಸೆಮಿಸ್ಟರ್ ಪೂರ್ತಿ ಲೆಕ್ಕ ಇಡಿ. ಕಾಗದದ ಮೇಲೆ ಮಾತ್ರ. ಹಾಸ್ಟೆಲ್ ಫೀಸಿನ ದುಡ್ಡು ಬ್ಯಾಂಕಿನಲ್ಲೇ ಇರಲಿ. ಸೆಮಿಸ್ಟರ್ ಕೊನೆಗೆ ಬಂದ ಸಂಖ್ಯೆ ಪ್ಲಸ್ಸೋ ಮೈನಸ್ಸೋ, ನಮ್ಮ ಕ್ಲಬ್ಬಿಗೆ ಬರೆದು ಕಳಿಸಿ. ಮೈನಸ್ ಬಂದರೂ ಹಾಕ್ತೀವಿ.